ಸ್ನೇಹಿತೆ ಜೊತೆ ಊಟಕ್ಕೆ: ಕರಾವಳಿನಾ, ದಕ್ಷಿಣ್‌ನಾ, ಜಮಾವರ್‌ನಾ?

ಬೆಂಗಳೂರಿನ ಈ ಮೂರು ರೆಸ್ಟೋರೆಂಟ್‌ಗಳಲ್ಲಿ ಒಂದನ್ನು ಆರಿಸಲು ಮೊದಲು ಕೇಳಬೇಕಾದ್ದು ಒಂದೇ: ಅವರು ಮೀನು ತಿಂತಾರಾ? ತಿಂದರೆ ರೆಸಿಡೆನ್ಸಿ ರಸ್ತೆಯ ಕರಾವಳಿಗೆ ಹೋಗಿ. 1990ರಿಂದ ಇರುವ ಜಾಗ. ಗೋವಾದಿಂದ ಕೇರಳದವರೆಗಿನ ಮನೆ ಅಡುಗೆಯೇ ಅಲ್ಲಿಯ ಜೀವಾಳ. ಬಾಳೆಎಲೆಯಲ್ಲಿ ಸುತ್ತಿ ಬೇಯಿಸಿದ ಕರಿಮೀನನ್ನು ಒಂದೇ ತಟ್ಟೆಯಿಂದ ಇಬ್ಬರೂ ಬಿಡಿಸಿ ತಿನ್ನುತ್ತಾ, ಮರದ ಕೆಳಗೆ ಕೂತು ಗಂಟೆಗಟ್ಟಲೆ ಮಾತಾಡುವ ಸುಖ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಮಳೆ ಬಂದರೆ ಮಾತ್ರ ಒಳಗೇ ಕೂರಬೇಕು.

ಸಸ್ಯಾಹಾರಿಯಾದರೆ ಐಟಿಸಿ ವಿಂಡ್ಸರ್‌ನ ದಕ್ಷಿಣ್ ವಾಸಿ. ದಕ್ಷಿಣದ ರಾಜ್ಯಗಳ ಅಡುಗೆ ಒಂದೇ ಕಡೆ ಸಿಗುತ್ತದೆ, ಹೊರ ರಾಜ್ಯದಿಂದ ಬಂದವರಿಗೆ ಅದು ತುಂಬಾ ಇಷ್ಟವಾಗುತ್ತದೆ. ಒಬ್ಬರಿಗೆ ದೋಸೆ, ಇನ್ನೊಬ್ಬರಿಗೆ ಕಬಾಬ್ ಬೇಕಾ? ಹಾಗಾದರೆ ಲೀಲಾ ಪ್ಯಾಲೇಸ್‌ನ ಜಮಾವರ್. ಅಲ್ಲಿ ಉತ್ತರ, ದಕ್ಷಿಣ ಎರಡೂ ಇದೆ.

ಖರ್ಚಿನಲ್ಲಿ ಮೂರೂ ದುಬಾರಿಯೇ. ದಿನದ ಬಾಡಿಗೆ 7,500 ರೂಪಾಯಿ ದಾಟುವ ರೂಮುಗಳಿರುವ ಹೋಟೆಲಿನೊಳಗಿನ ರೆಸ್ಟೋರೆಂಟಿಗೆ ಜಿಎಸ್‌ಟಿ 18%, ಸಾಮಾನ್ಯ ರೆಸ್ಟೋರೆಂಟಿಗೆ 5%. ಅಂದರೆ 5,000ದ ಊಟಕ್ಕೆ 250ರ ಬದಲು 900 ತೆರಿಗೆ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ಬೇಡ ಅಂದರೆ ತೆಗೆಯಲೇಬೇಕು. ಹಂಚಿಕೊಳ್ಳುವುದಾದರೆ ಹೊರಡುವ ಮೊದಲೇ ಮಾತಾಡಿಕೊಳ್ಳಿ, ಬಿಲ್ ಬಂದಾಗ ಇಬ್ಬರಿಗೂ ಮುಜುಗರ ಆಗಬಾರದು ಅಲ್ವಾ.

ಓಡಾಟಕ್ಕೆ ಕರಾವಳಿಯೇ ಸುಲಭ, ಎಂ.ಜಿ. ರೋಡ್ ಮೆಟ್ರೊ ಇಳಿದು ಆಟೊ ಹಿಡಿದರೆ ಸಾಕು. ಶುಕ್ರವಾರ ಸಂಜೆ ಜಮಾವರ್‌ಗೆ ಹೋಗುವುದಾದರೆ ಹಳೇ ವಿಮಾನ ನಿಲ್ದಾಣ ರಸ್ತೆಯ ಟ್ರಾಫಿಕ್‌ಗೆ ಜಾಸ್ತಿ ಸಮಯ ಇಟ್ಟುಕೊಂಡೇ ಹೊರಡಿ.