ಹೊಸ ಮನೆಯ ದಿನಸಿ: ಯಶವಂತಪುರವೋ, ಬೀದಿಯಂಗಡಿಯೋ, ಆ್ಯಪೋ, ಊರಿನ ಬಸ್ಸೋ?

ನಾನು ಪುತ್ತೂರಿನವಳು, ಗಂಡ ದಾವಣಗೆರೆ ಕಡೆಯವರು, ಮನೆ ಮಾಡಿದ್ದು ಬೆಂಗಳೂರಿನ ನಾಗರಬಾವಿಯಲ್ಲಿ. ಹಾಗಾಗಿ ಹೊಸ ಅಡುಗೆಮನೆಗೆ ಎರಡು ಪಟ್ಟಿ ಬಂದವು. ಅಮ್ಮನ ಪಟ್ಟಿಯಲ್ಲಿ ಕುಚ್ಚಲಕ್ಕಿ, ತೆಂಗಿನೆಣ್ಣೆ, ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆಹುಳಿ. ಅತ್ತೆಯ ಪಟ್ಟಿಯಲ್ಲಿ ಸೋನಾ ಮಸೂರಿ, ಜೋಳ, ಶೇಂಗಾ ಎಣ್ಣೆ, ಗುರೆಳ್ಳು, ಅಗಸಿ, ಬೆಲ್ಲ. ಎರಡೂ ಪಟ್ಟಿಗಳಲ್ಲಿ ಇದ್ದದ್ದು ತೊಗರಿಬೇಳೆ ಮತ್ತು ಉಪ್ಪು ಮಾತ್ರ. ಉಪ್ಪಿನಲ್ಲೂ ಅಮ್ಮನದ್ದು ಕಲ್ಲುಪ್ಪು, ಅತ್ತೆಯದ್ದು ಪುಡಿ.

ತರುವುದಕ್ಕೆ ನಾಲ್ಕು ದಾರಿ ಇದ್ದವು. ಯಶವಂತಪುರದ ಎಪಿಎಂಸಿ ಯಾರ್ಡು, ನಮ್ಮ ಅಡ್ಡರಸ್ತೆಯ ಪ್ರಾವಿಜನ್ ಸ್ಟೋರು, ಹತ್ತು ನಿಮಿಷದಲ್ಲಿ ಬಾಗಿಲಿಗೆ ತಂದುಕೊಡುವ ಆ್ಯಪ್, ಮತ್ತೆ ಊರಿನಿಂದ ರಾತ್ರಿ ಬಸ್ಸಿಗೆ ಹಾಕಿಸುವ ಪಾರ್ಸೆಲ್. ನಾಲ್ಕನ್ನೂ ಬಳಸಿ ನೋಡಿದ್ದೇನೆ. ಎಲ್ಲವನ್ನೂ ಒಂದೇ ಕಡೆ ಕೊಳ್ಳಬೇಡಿ ಎನ್ನುವುದು ನನ್ನ ಅಭಿಪ್ರಾಯ. ಯಾವುದನ್ನು ಕೈಯಲ್ಲಿ ಹಿಡಿದು, ಮೂಸಿ ನೋಡಿ ಆರಿಸಬೇಕೋ, ಮತ್ತು ಯಾವುದು ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೋ ಅದಕ್ಕೆ ಮಾತ್ರ ಯಶವಂತಪುರದವರೆಗೆ ಹೋಗುವುದರಲ್ಲಿ ಅರ್ಥವಿದೆ.

ಅಕ್ಕಿ

ಹೆಚ್ಚು ಹೊತ್ತು ಮತ್ತು ಹೆಚ್ಚು ದುಡ್ಡು ಹೋದದ್ದು ಇದಕ್ಕೇ. "ಹೊಸ ಅಕ್ಕಿ ತಗೊಂಡ್ರೆ ಅನ್ನ ಮುದ್ದಿ ಆಗ್ತತಿ ನೋಡವ್ವ, ಹಳೇದು ಕೇಳಿ ತಗೋ" ಎಂದು ಅತ್ತೆ ಫೋನಿನಲ್ಲೇ ಎಚ್ಚರಿಸಿದ್ದರು. ಆದರೆ ಆ್ಯಪಿನಲ್ಲಿ ಯಾರನ್ನು ಕೇಳುವುದು? ಪ್ಯಾಕೆಟ್ಟಿನ ಮೇಲೆ ಪ್ಯಾಕ್ ಮಾಡಿದ ದಿನ ಇರುತ್ತದೆ, ಭತ್ತ ಕಟಾವಾದ ದಿನ ಇರುವುದಿಲ್ಲ.

ಯಶವಂತಪುರದಲ್ಲಿ ಹಾಗಲ್ಲ. ಮಳಿಗೆಯವರು ಒಂದು ಬದಿ ಚೂಪಾದ ಕಬ್ಬಿಣದ ಕೊಳವೆಯನ್ನು ಚೀಲದ ಹೊಟ್ಟೆಗೆ ಚುಚ್ಚುತ್ತಾರೆ, ಹಿಡಿಯಷ್ಟು ಅಕ್ಕಿ ಅಂಗೈಗೆ ಸುರಿಯುತ್ತದೆ. ಹಳೆಯದರ ಬಣ್ಣ ತುಸು ಹಳದಿಗೆ ತಿರುಗಿರುತ್ತದೆ, ಹಲ್ಲಿನಲ್ಲಿ ಕಡಿದರೆ ಕಟ್ಟೆಂದು ಮುರಿಯುತ್ತದೆ. ಹೊಸದು ಬೆಳ್ಳಗೆ ಚೆಂದ ಕಾಣುತ್ತದೆ, ಕಡಿದರೆ ಸ್ವಲ್ಪ ಮೆತ್ತಗೆ. ಮೂರು ಬಗೆಯನ್ನು ಎರಡೆರಡು ಕೆಜಿಯಂತೆ ತಂದು ಒಂದೇ ಕುಕ್ಕರಿನಲ್ಲಿ, ಒಂದೇ ಲೋಟದ ಅಳತೆಯಲ್ಲಿ ಬೇಯಿಸಿದೆ: ಗಂಗಾವತಿ ಕಡೆಯ ಹಳೆ ಸೋನಾ, ಅದರದೇ ಹೊಸ ಬೆಳೆ, ಮತ್ತು ಸ್ಟೀಮ್ ಅಕ್ಕಿ. ಚಿಲ್ಲರೆ ಕೊಡಲು ಮಳಿಗೆಯವರಿಗೆ ಮನಸ್ಸಿರಲಿಲ್ಲ. ಚೀಲ ಇಲ್ಲಿಂದಲೇ ಒಯ್ಯುತ್ತೇವೆ ಎಂದ ಮೇಲೆ ಕೊಟ್ಟರು.

ಹೊಸ ಅಕ್ಕಿಗೆ ಒಂದಕ್ಕೆ ಎರಡು ನೀರು ಸಾಕು, ಅದರ ಮೇಲೆ ಒಂದು ಚೂರು ಹೆಚ್ಚಾದರೂ ಅಂಟುತ್ತದೆ. ಹಳೆಯದು ಎರಡೂವರೆ ಲೋಟ ಕುಡಿದೂ ಬಿಡಿಬಿಡಿಯಾಗಿ ಅರಳಿತು, ಪಾತ್ರೆ ತುಂಬಿತು. ಅಂದರೆ ಕೆಜಿಗೆ ನಾಲ್ಕೈದು ರೂಪಾಯಿ ಹೆಚ್ಚು ಕೊಟ್ಟದ್ದು ಅನ್ನದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸು ಬರುತ್ತದೆ. ಸ್ಟೀಮ್ ಎಂದರೆ ಭತ್ತವನ್ನು ಸ್ವಲ್ಪ ಹೊತ್ತು ಹಬೆಯಲ್ಲಿಟ್ಟು ಒಣಗಿಸಿ ಮಿಲ್ ಮಾಡಿದ್ದು. ಬಿಸಿಯಿರುವಾಗ ಹಳೆ ಅಕ್ಕಿಯಷ್ಟೇ ಉದುರು, ಆರಿದ ಮೇಲೆ ಗಟ್ಟಿ. ಮೊಸರನ್ನಕ್ಕೆ ಎಷ್ಟು ಹಿಸುಕಿದರೂ ಕಲೆಯುವುದಿಲ್ಲ. ಚಿತ್ರಾನ್ನ, ಪುಳಿಯೋಗರೆ ಹೆಚ್ಚು ಮಾಡುವ ಮನೆಗೆ ಅದು ಸರಿ. ದಿನವೂ ಸಾರು, ಮೊಸರಿನಲ್ಲಿ ಊಟ ಮುಗಿಸುವ ನಮಗೆ ಹಳೆ ಸೋನಾವೇ ಗೆದ್ದಿತು.

ಈಗ ಎಲ್ಲಾ ಕಡೆ ಆರ್‌ಎನ್‌ಆರ್ ಎಂಬ ಸಣ್ಣಕ್ಕಿಯ ಮಾತು. ತೆಲಂಗಾಣದ ಕೃಷಿ ವಿಶ್ವವಿದ್ಯಾಲಯದ ತಳಿ, ಪೂರ್ತಿ ಹೆಸರು ಆರ್‌ಎನ್‌ಆರ್ 15048. ಅನ್ನ ಮೃದು, ರುಚಿ ಒಳ್ಳೆಯದೇ. ಆದರೆ ಶುಗರ್ ಇದ್ದವರಿಗೆ ಇದೇ ಆಗಬೇಕು ಎಂಬ ಪ್ರಚಾರ ಜೋರಾದಂತೆ ಆ ಹೆಸರಿನ ಚೀಲಗಳೂ ಹೆಚ್ಚಿವೆ, ಒಳಗಿರುವುದು ಅದೇ ತಳಿಯೋ ಅಲ್ಲವೋ ನನ್ನ ಕಣ್ಣಿಗಂತೂ ತಿಳಿಯಲಿಲ್ಲ. ಬಿಟ್ಟೆ.

ಬೆಲೆ ಹೋಲಿಸುವಾಗ ಚೀಲದ ತೂಕ ನೋಡಿ. 25 ಕೆಜಿವರೆಗಿನ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ 2022ರ ಜುಲೈ 18ರಿಂದ ಶೇ 5ರಷ್ಟು ಜಿಎಸ್‌ಟಿ ಬಿತ್ತು. ಅದಕ್ಕಿಂತ ದೊಡ್ಡ ಚೀಲಕ್ಕೆ ಇಲ್ಲ. ಗಿರಣಿಗಳು ತಲೆ ಓಡಿಸಿ 26 ಕೆಜಿ ಚೀಲ ಮಾಡಿದವು. ಆ್ಯಪಿನ 5 ಕೆಜಿ ಪ್ಯಾಕೆಟ್ಟಿನ ದರವನ್ನು ಚೀಲದ ದರದ ಜೊತೆ ಇಟ್ಟು ನೋಡುವವರು 26ರಿಂದಲೇ ಭಾಗಿಸಬೇಕು.

ಬೀದಿಯಂಗಡಿಯ ಅಣ್ಣನೂ ಇದೇ ಚೀಲ ತರಿಸಿಕೊಡುತ್ತಾರೆ, ಚೀಲಕ್ಕೆ ನೂರು ರೂಪಾಯಿಯ ಆಸುಪಾಸು ಹೆಚ್ಚು. ಯಶವಂತಪುರದಿಂದ ಆಟೋ ಮಾಡಿಕೊಂಡು ಬಂದರೆ ಆ ನೂರು ಅಲ್ಲಿಗೇ ಸರಿಹೋಗುತ್ತದೆ. ಅದಕ್ಕೇ ಈಗ ನಾವು ಮಾಡುವುದು ಇಷ್ಟು: ಗಿರಣಿಯ ಹೆಸರನ್ನು ಮಂಡಿಯಲ್ಲಿ ನೋಡಿ ಗೊತ್ತುಮಾಡಿಕೊಂಡೆವು, ಚೀಲವನ್ನು ಅಣ್ಣನ ಹತ್ತಿರ ಹೇಳುತ್ತೇವೆ. ಅನ್ನ ಸರಿಬರದಿದ್ದರೆ "ವಾಪಸ್ ತನ್ನಿ ಅಕ್ಕಾ, ಬೇರೆ ಹಾಕಿಕೊಡ್ತೀನಿ" ಎನ್ನುವವರು ನಾಲ್ಕು ದಾರಿಗಳಲ್ಲಿ ಇವರೊಬ್ಬರೇ. ಆ್ಯಪಿನವರು ದುಡ್ಡು ವಾಪಸು ಹಾಕುತ್ತಾರೆ ನಿಜ, ಆದರೆ ಒಡೆದ ಪ್ಯಾಕೆಟ್ಟಿಗೆ. ಅನ್ನ ಮುದ್ದೆಯಾದದ್ದಕ್ಕೆ ಫೋಟೊ ತೆಗೆದು ಕಳಿಸುವುದು ಹೇಗೆ?

ಕುಚ್ಚಲಕ್ಕಿಯ ಮಾತು ಬೇರೆ. ಬೆಂಗಳೂರಿನ ಮಂಗಳೂರು ಸ್ಟೋರ್‌ಗಳಲ್ಲೂ ಸಿಗುತ್ತದೆ, ಆ್ಯಪಿನಲ್ಲೂ ಸಿಗುತ್ತದೆ. ಆ್ಯಪಿನದ್ದರಲ್ಲಿ ಗಂಜಿ ತೆಳುವಾಗಿ ನೀರಿನ ಹಾಗೆ ಬಂತು, ಕಾಳು ದಪ್ಪಗೆ ಬೆಂದರೂ ಸಪ್ಪೆ. ಊರಿನ ಮಿಲ್ಲಿನ, ಎಂಒ4 ಎಂಬ ತಳಿಯ ಅಕ್ಕಿಯ ತಿಳಿ ಹಾಲಿನಂತೆ ದಪ್ಪ, ಉಪ್ಪು ಹಾಕಿ ಹಾಗೇ ಕುಡಿಯಬಹುದು. ಬೇಯಿಸುವಾಗ ಒಂದು ಸೀಟಿ ಬಂದ ಮೇಲೆ ಒಲೆ ಆರಿಸಿ, ಮುಕ್ಕಾಲು ಗಂಟೆ ಮುಟ್ಟದೆ ಬಿಟ್ಟು, ಪ್ರೆಶರ್ ಪೂರ್ತಿ ಇಳಿದ ಮೇಲೆ ತೆರೆದು, ಬಿಸಿನೀರು ಸೇರಿಸಿ ಬಸಿಯುವುದು ನಮ್ಮ ಕಡೆಯ ಕ್ರಮ. ಗ್ಯಾಸೂ ಉಳಿಯುತ್ತದೆ. ಇದಕ್ಕೆ ಬಸ್ಸಿನ ಪಾರ್ಸೆಲ್ ದಾರಿಯೇ ಸೈ. ಅಮ್ಮ ಅದೇ ಗೋಣಿಯಲ್ಲಿ ಹಪ್ಪಳ, ಉಪ್ಪಿನಕಾಯಿ, ಕ್ಯಾನಿನಲ್ಲಿ ತೆಂಗಿನೆಣ್ಣೆಯನ್ನೂ ತುರುಕುತ್ತಾರೆ. ಬೆಳಗ್ಗೆ ಐದೂವರೆಗೆ ಬಸ್ಸಿನ ಹತ್ತಿರ ನಿಲ್ಲಬೇಕು ಎನ್ನುವುದೊಂದೇ ತಕರಾರು, ಅದೂ ಗಂಡನದ್ದು.

ಹುಳದ ಬಗ್ಗೆ ಒಂದು ಮಾತು. ಅಕ್ಕಿಯನ್ನು ಬಿಸಿಲಿಗೆ ಹರಡಬೇಡಿ, ಕಾಳು ಬಿರುಕು ಬಿಟ್ಟು ಅನ್ನ ಮುದ್ದೆಯಾಗುತ್ತದೆ. ನೆರಳಲ್ಲಿ ಹರಡಿ, ಜರಡಿ ಹಿಡಿದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಕ್ಕೆ ತುಂಬಿದರೆ ಸಾಕು. ಬೇವಿನೆಲೆ, ಲವಂಗ, ಒಣಮೆಣಸು ಮೂರನ್ನೂ ಹಾಕಿ ನೋಡಿದೆ. ಮುಚ್ಚಳ ಸಡಿಲವಿದ್ದ ಡಬ್ಬದಲ್ಲಿ ಯಾವುದೂ ಕೆಲಸ ಮಾಡಲಿಲ್ಲ.

ತೊಗರಿಬೇಳೆ ಮತ್ತು ನಮ್ಮ ಕೊಳವೆಬಾವಿ

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಅದನ್ನೇ ಹುಡುಕಿ ಮಂಡಿಯಿಂದ ತಂದೆವು. ಹೋಲಿಕೆಗೆ ಆ್ಯಪಿನಿಂದ ಪಾಲಿಶ್ ಇಲ್ಲದ್ದೆಂದು ಬರೆದ ಒಂದು ಪ್ಯಾಕೆಟ್, ಅಂಗಡಿಯಿಂದ ಎಣ್ಣೆ ಸವರಿದ ಬೇಳೆ. ಮೂರೂ ಬೇಯಲಿಲ್ಲ! ಐದು ಸೀಟಿ ಹೊಡೆಸಿದರೂ ಬೇಳೆ ಬೇಳೆಯಾಗಿಯೇ ಉಳಿಯಿತು.

ದೋಷ ಬೇಳೆಯದ್ದಲ್ಲ. ನಮ್ಮ ಕಟ್ಟಡಕ್ಕೆ ಆಗ ಬರುತ್ತಿದ್ದುದು ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ನಡುವಿನ ಅಂಟಿಗೆ ಕಚ್ಚಿಕೊಂಡು ಅದನ್ನು ಕರಗಲು ಬಿಡುವುದಿಲ್ಲ. ಫಿಲ್ಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಅದೇ ನೀರಿನಲ್ಲಿ ಬೇಯಿಸಿದಾಗ ಮೂರೇ ಸೀಟಿಗೆ ಎಲ್ಲವೂ ಬೆಣ್ಣೆಯಾದವು. ಆ ಮೇಲೆಯೇ ನಿಜವಾದ ಹೋಲಿಕೆ ಸಾಧ್ಯವಾದದ್ದು. ಕಲಬುರಗಿಯದು ಬೇಗ ಬೆಂದಿತು, ಪರಿಮಳವೂ ಚೆನ್ನಾಗಿತ್ತು. ಪ್ಯಾಕೆಟ್ಟಿನದು ಹೆಚ್ಚು ಹಿಂದೆ ಬೀಳಲಿಲ್ಲ. ಎಣ್ಣೆ ಸವರಿದ್ದು ರುಚಿಯಲ್ಲಿ ಕಡಿಮೆಯೇನಲ್ಲ, ಹುಳ ಬರದಂತೆ ಹರಳೆಣ್ಣೆ ಹಚ್ಚಿಡುವುದು ಹಳೆಯ ಪದ್ಧತಿ, ಬಿಸಿನೀರಲ್ಲಿ ಎರಡು ಸಲ ತೊಳೆದರೆ ಹೋಗುತ್ತದೆ. ಆದರೆ ತಿಂಗಳಿಗೆ ಎರಡು ಕೆಜಿ ಬೇಳೆ ಮುಗಿಸುವ ಮನೆಗೆ ಆ ರಕ್ಷಣೆ ಬೇಕಿಲ್ಲ. ಬೇಳೆಗೆ ನನ್ನ ಮತ ಬೀದಿಯಂಗಡಿಗೆ: ಒಂದೊಂದೇ ಕೆಜಿ, ಬಿಡಿಯಾಗಿ, ಕಣ್ಣಲ್ಲಿ ನೋಡಿ.

ರವೆ, ಮೈದಾ, ಕಡಲೆಹಿಟ್ಟು, ಸಕ್ಕರೆ? ಎಲ್ಲಿ ತಂದರೂ ಒಂದೇ.

ಮೆಣಸಿನಕಾಯಿ

ಇದನ್ನು ಪ್ಯಾಕೆಟ್ಟಿನಲ್ಲಿ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬ್ಯಾಡಗಿಗೆ 2011ರಲ್ಲೇ ಜಿಐ ಸಿಕ್ಕಿದೆ, ಹಾವೇರಿ ಜಿಲ್ಲೆಯ ಆ ಮಾರುಕಟ್ಟೆಯ ದರ ಪತ್ರಿಕೆಗಳಲ್ಲಿ ಕಡ್ಡಿ, ಡಬ್ಬಿ, ಗುಂಟೂರು ಎಂದು ಬೇರೆಬೇರೆಯಾಗಿ ಬರುತ್ತದೆ. ಆ್ಯಪಿನಲ್ಲಿ ಎಲ್ಲವೂ ಬರೀ 'ಬ್ಯಾಡಗಿ'. ಕಡ್ಡಿ ಉದ್ದ, ತೆಳು, ಸಿಪ್ಪೆ ಸುಕ್ಕುಸುಕ್ಕು. ಡಬ್ಬಿ ಗಿಡ್ಡ, ಉಬ್ಬಿದ ಹೊಟ್ಟೆ, ಬೆಲೆ ಜಾಸ್ತಿ. ಎರಡರಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. ಗುಂಟೂರಿನದು ನಯವಾದ ಸಿಪ್ಪೆ, ಖಾರ ನೆತ್ತಿಗೇರುತ್ತದೆ.

ಆ್ಯಪಿನ ಪ್ಯಾಕೆಟ್ಟಿನಲ್ಲಿ ಸುಕ್ಕಿಲ್ಲದ ಕಾಯಿಗಳೂ ಸೇರಿದ್ದವು, ಸಾರಿನ ಪುಡಿ ಮಾಡಿದರೆ ಬಣ್ಣ ಇಟ್ಟಿಗೆಯಂತೆ ಮಂಕು. ಅಂಗಡಿಯದ್ದರಲ್ಲಿ ತೊಟ್ಟಿನ ತೂಕವೇ ಸಾಕಷ್ಟು. ಯಶವಂತಪುರದಲ್ಲಿ ಚೀಲ ಬಿಚ್ಚಿ ತೋರಿಸಿದರು. ಕಾಯಿಯನ್ನು ಮಡಚಿದೆ, ಮುರಿಯದೆ ಬಾಗಿತು, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎಂದಿತು. ಮೂಸಿದರೆ ಮುಗ್ಗಲಿಲ್ಲ. ಹೊಸ ಕಾಯಿ ಮಾರುಕಟ್ಟೆಗೆ ಬರುವುದು ಜನವರಿಯಿಂದ ಬೇಸಗೆಯವರೆಗೆ, ಉಳಿದ ತಿಂಗಳು ಸಿಗುವುದು ಶೀತಲಗೃಹದ ಸರಕು. ಅದಕ್ಕೇ ವರ್ಷಕ್ಕಾಗುವಷ್ಟನ್ನು ಒಟ್ಟಿಗೆ ತರುವುದಿದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ತರಬೇಕು, ಬಿಸಿಲಲ್ಲಿ ಗರಿಗರಿಯಾಗಿಸಿ ತುಂಬಬೇಕು. ನಾನು ಕಡ್ಡಿ ಮೂರು ಪಾಲಿಗೆ ಗುಂಟೂರು ಒಂದು ಪಾಲು ಹಾಕುತ್ತೇನೆ. ಕೋಳಿ ಗಸಿಗೂ ಅದೇ, ಸಾರಿಗೂ ಅದೇ. ಡಬ್ಬಿಗೆ ಕೊಡುವ ಹೆಚ್ಚಿನ ದುಡ್ಡು ನಮ್ಮ ಮನೆಯ ಸಾಂಬಾರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಜೋಳ

ಅತ್ತೆ ಬಂದಾಗ ಪ್ಯಾಕೆಟ್ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಕೂತರು. ಎಸರು ಕುದಿಸಿ ಹಾಕಿ ನಾದಿದರೂ ಅಂಗೈಯಷ್ಟು ಅಗಲವಾಗುವಷ್ಟರಲ್ಲಿ ಅಂಚು ಸೀಳತೊಡಗಿತು. "ಈ ಹಿಟ್ಟಿಗೆ ಜಿಗಿನೇ ಇಲ್ಲ" ಎಂದು ಎದ್ದರು. ಜೋಳದಲ್ಲಿ ಗೋಧಿಯಂಥ ಅಂಟಿಲ್ಲ, ಬೀಸಿ ಹಳತಾದಂತೆ ಇರುವ ಜಿಗಿಯೂ ಹೋಗುತ್ತದೆ. ಮಾಲ್ದಂಡಿ ಜೋಳ ತಂದು, ಹತ್ತಿರದ ಹಿಟ್ಟಿನ ಗಿರಣಿಯಲ್ಲಿ ಎರಡು ಕೆಜಿಯಷ್ಟನ್ನೇ ಬೀಸಿಸಿದೆವು. ರೊಟ್ಟಿ ಹೆಂಚಿನಗಲ ಬಂತು, ಬೆಂಕಿಗೆ ಹಿಡಿದಾಗ ಉಬ್ಬಿತು. ಇಲ್ಲಿ ಪೈಪೋಟಿಯೇ ಇಲ್ಲ. ಕಾಳು ವರ್ಷ ಇಡಬಹುದು, ಹಿಟ್ಟು ಹದಿನೈದು ದಿನಕ್ಕೆ ಸಾಕು.

ಎಣ್ಣೆ, ಬೆಲ್ಲ, ಡಬ್ಬಿಗಳು

ಎಣ್ಣೆಯಲ್ಲಿ ಆ್ಯಪಿನ ದರ ಹಲವು ಸಲ ಅಂಗಡಿಗಿಂತ ಕಡಿಮೆ. ಆದರೆ ಒಂದು ಲೀಟರ್ ಅಡುಗೆ ಎಣ್ಣೆ ಎಂದರೆ ಸುಮಾರು 910 ಗ್ರಾಂ. ಅದೇ ಗಾತ್ರದ ಪ್ಯಾಕೆಟ್ಟಿನಲ್ಲಿ 850, ಇನ್ನೂ ಕಡಿಮೆ ತುಂಬಿದ್ದೂ ಇರುತ್ತವೆ, ಗ್ರಾಂ ಓದದೆ ಒತ್ತಬೇಡಿ. ಗಾಣದ ಶೇಂಗಾ ಎಣ್ಣೆ ಒಗ್ಗರಣೆಗೆ, ಚಟ್ನಿಪುಡಿ ಕಲಸಲು ಬಹಳ ರುಚಿ. ಕರಿಯಲು ಇಟ್ಟರೆ ನೊರೆಯೇಳುತ್ತದೆ, ಆ ಬೆಲೆಗೆ ಕರಿಯುವುದೂ ದಂಡ. ಕರಿಯಲು ರಿಫೈನ್ಡ್ ಸಾಕು.

ಬೆಲ್ಲ ಮಂಡ್ಯ ಕಡೆಯದು, ಕಂದುಬಣ್ಣದ್ದು. ಬಂಗಾರದ ಹಾಗೆ ಹೊಳೆಯುವ ಅಚ್ಚುಬೆಲ್ಲಕ್ಕೆ ಬಣ್ಣ ತಿಳಿಯಾಗಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿರುವ ಸಂಭವ ಹೆಚ್ಚು. ಕಂದುಬಣ್ಣದ್ದು ಮಳೆಗಾಲದಲ್ಲಿ ಬೇಗ ಕರಗಿ ಜಿನುಗುತ್ತದೆ, ಅದರಿಂದ ಜೂನ್ ಬಂದ ಮೇಲೆ ಅರ್ಧ ಕೆಜಿಗಿಂತ ಹೆಚ್ಚು ತರುವುದಿಲ್ಲ.

ಡಬ್ಬಿಗಳಲ್ಲಿ ಗಾಜು ಚೆಂದ, ಆದರೆ ಬಾಡಿಗೆ ಮನೆಗಳ ನಡುವೆ ಸಾಗಿಸಿದವರಿಗೆ ಗೊತ್ತು ಅದರ ಗತಿ. ಪ್ಲಾಸ್ಟಿಕ್ ಜಾಡಿಗೆ ಹುಡಿಯ ವಾಸನೆ ಹಿಡಿದರೆ ಬಿಡುವುದಿಲ್ಲ. ಚಿಕ್ಕಪೇಟೆಯಲ್ಲಿ ತೂಕದ ಮೇಲೆ ಸ್ಟೀಲ್ ಡಬ್ಬ ತಂದೆವು, ಒಂದೇ ಅಳತೆಯವು, ಒಂದರ ಮೇಲೊಂದು ಕೂರುವಂಥವು. ಒಳಗೇನಿದೆ ಕಾಣುವುದಿಲ್ಲ ಎನ್ನುವವರು ಮುಚ್ಚಳಕ್ಕೆ ಒಂದು ಚೂರು ಟೇಪ್ ಅಂಟಿಸಿ ಹೆಸರು ಬರೆದರಾಯಿತು.

ಹಾಗಾದರೆ ಆ್ಯಪ್ ಯಾತಕ್ಕೆ? ಪಾತ್ರೆ ತೊಳೆಯುವ ಸೋಪು, ಟೀಪುಡಿ, ಶ್ಯಾವಿಗೆ, ಪೊಟ್ಟಣದ ಹಾಲು, ಬೆಂಕಿಪೊಟ್ಟಣ. ಎಲ್ಲಿ ತಂದರೂ ಒಂದೇ ಆಗಿರುವ ವಸ್ತುಗಳಿಗೆ ಅದಕ್ಕಿಂತ ಸುಲಭ ದಾರಿ ಇಲ್ಲ. ರಾತ್ರಿ ಒಂಬತ್ತಕ್ಕೆ ನೆಂಟರು ಬಂದಾಗ ಸಕ್ಕರೆ ಮುಗಿದಿದ್ದರೂ ಅದೇ ಗತಿ. ಅಣ್ಣನ ಅಂಗಡಿ ಎಂಟೂವರೆಗೇ ಬಾಗಿಲು ಹಾಕುತ್ತದೆ.