ದೀಕ್ಷಾ ಕೋರ್ಸೋ, ಕೂಡಿಗೆ ಡಯಟ್ ತರಬೇತಿಯೋ?

ಕೊಡಗಿನ ಶಾಲೆಯಲ್ಲಿ ಪಾಠ ಮಾಡುತ್ತಾ ಹೊಸ ತಂತ್ರಜ್ಞಾನ ಕಲಿಯಬೇಕೆಂದರೆ ಶಿಕ್ಷಕರ ಆನ್‌ಲೈನ್ ಕಲಿಕಾ ವೇದಿಕೆಯಾದ ದೀಕ್ಷಾದ ಕೋರ್ಸು ಸರಿಯೋ, ಕೂಡಿಗೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿ ಸರಿಯೋ ಎಂದು ಕೇಳಿದ್ದೀರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಂದ ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಕೆ ಬಯಸುತ್ತದೆ. ಅಷ್ಟನ್ನೂ ಒಂದೇ ದಾರಿಯಲ್ಲಿ ತುಂಬಿಸುವುದು ಕಷ್ಟವೇ.

ಖರ್ಚಿನಲ್ಲಿ ದೀಕ್ಷಾ ಹಗುರ, ಡೇಟಾ ಇದ್ದರೆ ಸಾಕು. ಭಾಗಮಂಡಲದ ಕಡೆಯವರಿಗೆ ಕೂಡಿಗೆ ಎಂದರೆ ಮಡಿಕೇರಿ, ಕುಶಾಲನಗರ ದಾಟಿ ಹೋಗಬೇಕು. ದಿನ ಅಲ್ಲಿಗೇ ಮುಗಿಯುತ್ತದೆ. ಏಕೋಪಾಧ್ಯಾಯ ಶಾಲೆಯಾದರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ಆದರೆ ಜೂನ್ ಮಳೆ ಹಿಡಿಯಿತೆಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ವಿಡಿಯೊಗಳನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ. ಆಫ್‌ಲೈನಿನಲ್ಲಿ ನೋಡಿದ್ದು ನೆಟ್ ಸಿಕ್ಕಾಗಷ್ಟೇ ದಾಖಲಾಗುತ್ತದೆ. ಅಷ್ಟರಲ್ಲಿ ಬ್ಯಾಚ್ ಗಡುವು ಮುಗಿದರೆ ಪ್ರಮಾಣಪತ್ರ ಕೈತಪ್ಪೀತು. ಪ್ರೊಫೈಲಿನ ಹೆಸರೇ ಅದರ ಮೇಲೆ ಅಚ್ಚಾಗುವುದರಿಂದ ಇನಿಷಿಯಲ್ಲನ್ನು ಮೊದಲೇ ಸರಿಮಾಡಿ.

ಕಲಿತದ್ದು ನಿಲ್ಲುವುದು ಮಾತ್ರ ಕೈಯಾರೆ ಮಾಡಿದಾಗ. ಪ್ರೊಜೆಕ್ಟರಿನಲ್ಲಿ ಚಿತ್ರ ಬಂದು ಸದ್ದು ಬಾರದಿದ್ದರೆ ಸೌಂಡ್ ಸೆಟ್ಟಿಂಗಿನಲ್ಲಿ ಔಟ್‌ಪುಟ್ ಬದಲಿಸಬೇಕು. ಇದು ತರಬೇತಿಯಲ್ಲಿ ಪಕ್ಕದಲ್ಲಿ ಕೂತವರು ತೋರಿಸಿದರೆ ಎರಡು ನಿಮಿಷದ ಕೆಲಸ. ವಿಡಿಯೊ ನೋಡುತ್ತಾ ಹುಡುಕಿದರೆ ಅರ್ಧ ಪೀರಿಯಡ್ ಹೋಯಿತು.

ವಿಷಯಜ್ಞಾನ ಹೆಚ್ಚಿಸಿಕೊಳ್ಳಲು, ಮೊಬೈಲ್ ಬಳಕೆ ರೂಢಿಯಿದ್ದವರಿಗೆ ದೀಕ್ಷಾ ಸಾಕು. ಲ್ಯಾಪ್‌ಟಾಪ್ ಮುಟ್ಟಲೇ ಅಂಜುವವರು ಕೂಡಿಗೆಗೆ ಹೋಗಿ ಬರಲಿ. ಬದಲಿ ಶಿಕ್ಷಕರು ಸಿಗದಿದ್ದರೆ ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಈ ಕೈಯಾರೆ ಕಲಿಕೆಗೇ ಮೀಸಲಿಡುವಂತೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಅವರನ್ನು ಕೇಳಿ.