ಗುಲಾಬಿಯ ಕೆಂಪು ಹತ್ತಿಗೆ ಹತ್ತಿದರೆ ಅಲ್ಲಿಗೇ ಕೈ ತೆಗೆಯಿರಿ

ಫ್ರಾನ್ಸಿನ ಹಳೆ ಸಾಮಾನಿನ ಸಂತೆಯಲ್ಲಿ ಕೊಂಡ ತೈಲವರ್ಣಚಿತ್ರ. 46 × 38 ಸೆಂ.ಮೀ., ಅಂದರೆ ಅಲ್ಲಿನ ಲೆಕ್ಕದಲ್ಲಿ 8ನೇ ನಂಬರಿನ ಕ್ಯಾನ್ವಾಸ್. ಗಾಜಿನ ಹೂದಾನಿಯಲ್ಲಿ ಗುಲಾಬಿ, ಪಕ್ಕದಲ್ಲಿ ಪೀಚ್ ಮತ್ತು ಕಪ್ಪು ದ್ರಾಕ್ಷಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಕೆಲಸ. ವಾರ್ನಿಷ್ ಹಳದಿಯಾಗಿ ಚಹಾದ ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಫ್ರೇಮ್ ಹಾಕುವವನೊಬ್ಬ ‘ಅದನ್ನು ತೆಗೆಯುವುದು ಒಂದು ಗಂಟೆಯ ಕೆಲಸ’ ಎಂದು ಒಪ್ಪಿಕೊಂಡ. ಮೂಲೆಯಲ್ಲಿ ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿಯೂ ನೋಡಿದ. ವಾರ್ನಿಷ್ ಬಿಟ್ಟಿತು, ಕೆಳಗಿನ ಕಂದು ಅಲ್ಲಾಡಲಿಲ್ಲ. ಅದೇ ಹತ್ತಿ ಹೂವಿಗೆ ಬಂತು. ನಾಲ್ಕು ಸಲ ಉಜ್ಜುವಷ್ಟರಲ್ಲಿ ಹತ್ತಿ ಗುಲಾಬಿಯಾಯಿತು, ಗುಲಾಬಿ ಬೆಳ್ಳಗಾಯಿತು.

ಪರೀಕ್ಷೆ ಮಾಡಿದ್ದು ತಪ್ಪಲ್ಲ, ಮಾಡಿದ ಜಾಗ ತಪ್ಪು. ಚಿತ್ರದ ಅಂಚಿನಲ್ಲಿರುವುದು ಸಾಮಾನ್ಯವಾಗಿ ಬರೀ ಹಿನ್ನೆಲೆ, ಅಂಬರ್ ಎಂಬ ಮಣ್ಣಿನ ಕಂದು. ಅಂಬರ್‌ನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ, ಗಟ್ಟಿಯಾಗಿ ಒಣಗಿಸುತ್ತದೆ. ಸೀಸದ ಬಿಳಿಯೂ ಹಾಗೆಯೇ. ಕೆಂಪು ಲೇಕ್ ಬಣ್ಣಗಳು ಇದಕ್ಕೆ ತದ್ವಿರುದ್ಧ. ನಮ್ಮ ಮಂಜಿಷ್ಠದ ಬಳಗಕ್ಕೇ ಸೇರಿದ ಗಾರಾನ್ಸ್ ಬೇರಿನಿಂದಲೋ, ಕೊಚಿನಿಯಲ್ ಹುಳದಿಂದಲೋ ತೆಗೆದ ರಂಗು ಅದು. ಇವು ನಿಧಾನ ಒಣಗುವ ಬಣ್ಣಗಳು. ಹೊಳಪಿಗೂ ಪಾರದರ್ಶಕತೆಗೂ ಎಂದು ಕಲಾವಿದರು ಇವಕ್ಕೆ ಮಾಸ್ಟಿಕ್‌ನಂಥ ಮರದ ರಾಳ ಬೆರೆಸುತ್ತಿದ್ದರು. ಮೇಲಿನ ವಾರ್ನಿಷ್ ಕೂಡ ರಾಳವೇ. ವಾರ್ನಿಷ್ ಕರಗಿಸುವ ದ್ರಾವಕ ಗ್ಲೇಜ್ ಅನ್ನು, ಅಂದರೆ ತೆಳುವಾಗಿ ಹಾಯಿಸಿದ ಈ ಪಾರದರ್ಶಕ ಬಣ್ಣದ ಪದರವನ್ನು, ಬಿಟ್ಟೀತೇ?

ಹೂವು-ಹಣ್ಣಿನ ಚಿತ್ರದಲ್ಲಿ ಇದು ಬೇರೆಲ್ಲದಕ್ಕಿಂತ ಹೆಚ್ಚು ಕಾಡುತ್ತದೆ, ಏಕೆಂದರೆ ಚಿತ್ರದ ಜೀವವಿರುವುದೇ ಕೊನೆಯ ಪದರದಲ್ಲಿ. ಬಿಳಿ, ತಿಳಿಗೆಂಪಿನಲ್ಲಿ ಎಸಳನ್ನು ಕಟ್ಟಿ, ಒಣಗಿದ ಮೇಲೆ ಕೂದಲಿಗಿಂತ ತೆಳುವಾಗಿ ಕೆಂಪು ಹಾಯಿಸುತ್ತಾರೆ. ದ್ರಾಕ್ಷಿಯ ಮೇಲಿನ ಬೂದಿಯಂಥ ಪೊರೆ, ಪೀಚ್‌ನ ನವಿರು ರೋಮ, ಒಂದು ಹನಿ ನೀರು, ಎಲ್ಲವೂ ತುದಿಯಲ್ಲಿ ಹಚ್ಚಿದ್ದು. ಅದು ಹೋದರೆ ಉಳಿಯುವುದು ಸೀಮೆಸುಣ್ಣದ ಹೂವು, ಗಾಜಿನ ಗೋಲಿಯಂಥ ದ್ರಾಕ್ಷಿ. ಕೊಳೆ ಎಂದುಕೊಂಡು ಆ ಬೂದಿಯನ್ನೇ ಉಜ್ಜಿ ತೆಗೆದ ಚಿತ್ರಗಳೂ ಇವೆ. ಎಲೆಗಳು ನೀಲಿಯಾಗಿ ಕಂಡರೂ ಅದು ಕೊಳೆಯಲ್ಲ. ನೀಲಿಯ ಮೇಲೆ ಹಾಯಿಸಿದ ಸಸ್ಯಮೂಲದ ಹಳದಿ ಬೆಳಕಿಗೆ ಮಾಸಿರುತ್ತದೆ. ಎಷ್ಟು ಉಜ್ಜಿದರೂ ಹಸಿರು ಬಾರದು.

ಆಮೇಲೆ ಆ ಫ್ರೇಮಿನವನು ಬೆಳ್ಳಗಾದ ಎಸಳುಗಳಿಗೆ ಅಕ್ರಿಲಿಕ್ ಕೆಂಪು ಹಚ್ಚಿ, ಮೇಲೆ ಮರಕ್ಕೆ ಹೊಡೆಯುವ ಪಾಲಿಯುರೆಥೇನ್ ಬಳಿದ. ಮೊದಲ ತಪ್ಪಿಗಿಂತ ಇದು ಕೆಟ್ಟದ್ದು. ಡಾಮರ್ (ರಸ್ತೆಯ ಡಾಂಬರಲ್ಲ, ಮರದ ರಾಳ), ಮಾಸ್ಟಿಕ್ ವಾರ್ನಿಷ್ ನೂರು ವರ್ಷದ ಮೇಲೂ ಕರಗುತ್ತದೆ. ಪಾಲಿಯುರೆಥೇನ್ ಒಮ್ಮೆ ಕಚ್ಚಿಕೊಂಡರೆ ಕೆಳಗಿನ ಬಣ್ಣಕ್ಕೆ ಪೆಟ್ಟಾಗದೆ ಹೊರಬರುವುದಿಲ್ಲ.

ಮನೆಮದ್ದಿನ ವಿಷಯ. ಹೆಚ್ಚಿದ ಆಲೂಗಡ್ಡೆ ಪಿಷ್ಟ ಉಳಿಸಿ ಬೂಷ್ಟಿಗೆ ಊಟ ಹಾಕುತ್ತದೆ. ಸೋಪುನೀರು ಬಿರುಕಿನೊಳಗೆ ಇಳಿದು ಕ್ಯಾನ್ವಾಸ್‌ಗೆ ಬಳಿದ ಪ್ರಾಣಿಜನ್ಯ ಅಂಟನ್ನು ಉಬ್ಬಿಸುತ್ತದೆ, ಬಟ್ಟೆ ಕುಗ್ಗುತ್ತದೆ, ಬಣ್ಣ ಹಕ್ಕಳೆಯಾಗಿ ಏಳುತ್ತದೆ. ಅಮೋನಿಯ ಇರುವ ಗಾಜು ಒರೆಸುವ ದ್ರವವಂತೂ ಎಣ್ಣೆಯ ಪೊರೆಯನ್ನೇ ತಿನ್ನುತ್ತದೆ.

ನಿಮ್ಮ ಕೈಲಿ ಆಗುವುದು ಇಷ್ಟು: ಬಣ್ಣ ಎದ್ದಿಲ್ಲ ಎಂದು ಓರೆ ಬೆಳಕಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡು, ಚಿತ್ರವನ್ನು ಮುಂದಕ್ಕೆ ವಾಲಿಸಿ, ಮೃದುವಾದ ಒಣ ಬ್ರಷ್‌ನಲ್ಲಿ ಧೂಳು ಕೊಡವಿ. ಕತ್ತಲೆ ಕೋಣೆಯಲ್ಲಿ 365 ನ್ಯಾನೊಮೀಟರ್ ಯುವಿ ಟಾರ್ಚ್ ಹಿಡಿಯಿರಿ. ಹಳೆ ರಾಳದ ವಾರ್ನಿಷ್ ಹಸಿರು ಮಂಜಿನಂತೆ ಮಿನುಗುತ್ತದೆ, ಈಚಿನ ತೇಪೆ ಕಪ್ಪಾಗಿ ಕಾಣುತ್ತದೆ, ಗಾರಾನ್ಸ್ ಕೆಂಪು ಕಿತ್ತಳೆ-ಗುಲಾಬಿ ಹೊಳಪು ಕೊಡುತ್ತದೆ. ವಾರ್ನಿಷ್ ದಪ್ಪವಿದ್ದರೆ ಆ ಹೊಳಪು ಮುಚ್ಚಿಹೋಗಿರುತ್ತದೆ. ಹಾಗಾಗಿ ಕಾಣದಿದ್ದರೂ ಗ್ಲೇಜ್ ಇದೆ ಎಂದೇ ನಡೆದುಕೊಳ್ಳಿ.

ಉಳಿದದ್ದು ಚಿತ್ರ ಸಂರಕ್ಷಕರ ಕೆಲಸ. ಫ್ರಾನ್ಸಿನಲ್ಲಾದರೆ ಐಎನ್‌ಪಿಯಲ್ಲಿ (ಅಲ್ಲಿನ ರಾಷ್ಟ್ರೀಯ ಪರಂಪರೆ ಸಂಸ್ಥೆ) ಕಲಿತವರು ಸಿಗುತ್ತಾರೆ. ಬೆಂಗಳೂರಿನಲ್ಲಾದರೆ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವನ್ನು ಕೇಳಿ. ಯಾರೇ ಆಗಲಿ, ಕೆಂಪು, ಹಸಿರು, ದ್ರಾಕ್ಷಿಯ ನೇರಳೆ, ಹಿನ್ನೆಲೆ, ಸಹಿ, ಒಂದೊಂದರ ಮೇಲೂ ಪ್ರತ್ಯೇಕವಾಗಿ ಸಾಸಿವೆ ಕಾಳಿನಷ್ಟು ಜಾಗದಲ್ಲಿ ಪರೀಕ್ಷಿಸಬೇಕು, ದುರ್ಬಲ ದ್ರಾವಕದಿಂದ ಶುರುಮಾಡಬೇಕು. ಯಾವ ಬಣ್ಣ ಯಾವುದಕ್ಕೆ ಬಿಟ್ಟಿತು ಎಂದು ಫೋಟೊ ಸಮೇತ ಬರೆದುಕೊಡಲು ಒಪ್ಪದವರಲ್ಲಿ ಚಿತ್ರ ಬಿಟ್ಟು ಬರಬೇಡಿ. ಕೆಂಪಿನ ಮೇಲೆ ವಾರ್ನಿಷ್ ಅನ್ನು ತೆಳುವಾಗಿಸಿ ಅಲ್ಲಿಗೇ ನಿಲ್ಲಿಸುತ್ತೇನೆ ಎನ್ನುವವರು ಸಿಕ್ಕರೆ, ಸ್ವಲ್ಪ ಹಳದಿ ಉಳಿಯಿತೆಂದು ತಕರಾರು ಮಾಡಬೇಡಿ.